ಬೆಲೆ ಊಹಿಸುವ ಆಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಪರೂಪದ ವಸ್ತುವೊಂದನ್ನು ಮುಂದಿಟ್ಟು ‘ಇದರ ಬೆಲೆ ಎಷ್ಟಿರಬಹುದು?’ ಎಂದು ಕೇಳುವ ಟಿವಿ ಆಟಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕೊನೆಯಲ್ಲಿ ‘ಸರಿಯಾದ ಬೆಲೆ’ ಅಂತ ಒಂದು ಸಂಖ್ಯೆ ತೋರಿಸುತ್ತಾರಲ್ಲ, ಅದನ್ನು ಗೊತ್ತು ಮಾಡುವವರು ಯಾರು? ಹಳೆಯ ವಸ್ತುವಿನ ಮೇಲೆ ಬೆಲೆ ಅಚ್ಚಾಗಿರುವುದಿಲ್ಲವಲ್ಲ?

ಅದು ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬೇರೆ. ಅಮೆರಿಕದ ‘ದ ಪ್ರೈಸ್ ಈಸ್ ರೈಟ್’ 1956ರಲ್ಲಿ ಹರಾಜಿನ ರೂಪದಲ್ಲಿ ಶುರುವಾಯಿತು, 1972ರಿಂದ ಈಗಿನ ರೂಪದಲ್ಲಿ ನಡೆಯುತ್ತಿದೆ. ಅಲ್ಲಿ ಇಡುವುದು ಹೊಸ ಸಾಮಾನು, ಅಂಗಡಿಯ ಚಿಲ್ಲರೆ ಬೆಲೆಯೇ ಉತ್ತರ. ಬಿಬಿಸಿಯಲ್ಲಿ 2000ದಲ್ಲಿ ಆರಂಭವಾದ ‘ಬಾರ್ಗೇನ್ ಹಂಟ್’ನಲ್ಲಿ ಎರಡು ತಂಡಗಳು ಹಳೆಯ ವಸ್ತುಗಳನ್ನು ಕೊಂಡು ಹರಾಜಿಗೆ ಹಾಕುತ್ತವೆ, ಅಲ್ಲಿ ಸುತ್ತಿಗೆ ಬಿದ್ದ ಮೊತ್ತವೇ, ಅಂದರೆ ಕೊನೆಯ ಕೂಗು ನಿಂತ ಬೆಲೆಯೇ, ಉತ್ತರ. ಜಪಾನಿನ ಟಿವಿ ಟೋಕಿಯೊದಲ್ಲಿ 1994ರಿಂದ ಬರುತ್ತಿರುವ ‘ನಾಂದೆಮೊ ಕಾಂತೆಯ್‌ದಾನ್’ನಲ್ಲಿ ವಸ್ತು ತಂದವರು ಮೊದಲು ತಮ್ಮ ಅಂದಾಜು ಹೇಳುತ್ತಾರೆ, ಆಮೇಲೆ ತಜ್ಞರು ಕಟ್ಟಿದ ಬೆಲೆ ಫಲಕದ ಮೇಲೆ ಮೂಡುತ್ತದೆ. ಅಂದರೆ ಒಂದು ಕಡೆ ಅಂಗಡಿಯ ಬೆಲೆ, ಒಂದು ಕಡೆ ಹರಾಜಿನ ಬೆಲೆ, ಇನ್ನೊಂದು ಕಡೆ ಬರೀ ಅಭಿಪ್ರಾಯ.

ನೋಡುವವರು ಎಡವುವುದು ಇಲ್ಲೇ. ಒಂದೇ ಹೂದಾನಿಗೆ ಒಂದೇ ದಿನ ಹಲವು ಬೆಲೆಗಳಿರುತ್ತವೆ. ಹರಾಜಿನಲ್ಲಿ 10,000ಕ್ಕೆ ಕೂಗು ನಿಂತಿತು ಎನ್ನಿ. ಹರಾಜು ಸಂಸ್ಥೆ ಕೊಂಡವರಿಂದ ನೂರಕ್ಕೆ 25 ಶುಲ್ಕ ಪಡೆದರೆ ಅವರ ಕೈಬಿಡುವುದು 12,500. ಮಾರಿದವರಿಂದ ನೂರಕ್ಕೆ 10 ಕಮಿಷನ್ ಹಿಡಿದರೆ ಅವರ ಕೈಗೆ ಬರುವುದು 9,000. ಅದನ್ನೇ ವ್ಯಾಪಾರಿ ಕೊಂಡು ಅಂಗಡಿಯಲ್ಲಿಟ್ಟರೆ ಬಾಡಿಗೆ, ದುರಸ್ತಿ, ಲಾಭ ಸೇರಿ ಬೆಲೆ ಇನ್ನೂ ಮೇಲೇರುತ್ತದೆ. ವಿಮೆಗೆ ಬರೆಸುವ ಬೆಲೆ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಕಳೆದುಹೋದರೆ ಅಂಥದ್ದನ್ನೇ ಬೇಗ ಹುಡುಕಿ ಅಂಗಡಿಯಿಂದ ಕೊಳ್ಳಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮ. ದೊಡ್ಡ ಹರಾಜು ಸಂಸ್ಥೆಗಳು ಮೊದಲೇ ಅಚ್ಚು ಹಾಕುವ ಅಂದಾಜಿನಲ್ಲಿ ಕೊಳ್ಳುವವರ ಶುಲ್ಕ ಸೇರಿರುವುದಿಲ್ಲ. ಮಾರಾಟದ ನಂತರ ಪ್ರಕಟಿಸುವ ಮೊತ್ತದಲ್ಲಿ ಸೇರಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಅಂದಾಜಿಗಿಂತ ಹೆಚ್ಚಿಗೆ ಹೋಯಿತು’ ಎಂದು ಬರೆಯುವ ಸುದ್ದಿಗಳನ್ನು ಸ್ವಲ್ಪ ತಾಳ್ಮೆಯಿಂದ ಓದಿ.

ಪ್ರಶ್ನೆ: ತಜ್ಞರು ಎರಡೇ ನಿಮಿಷದಲ್ಲಿ ಬೆಲೆ ಹೇಳುವುದು ಹೇಗೆ? ಅವರು ತಪ್ಪುವುದಿಲ್ಲವೇ?

ಪರದೆಯ ಮೇಲೆ ಕಾಣುವುದು ಎರಡು ನಿಮಿಷ. ಅದರ ಹಿಂದೆ ಹುಡುಕಾಟ, ಹಳೆಯ ಹರಾಜುಗಳ ದಾಖಲೆ, ಜೊತೆಗಾರರ ಸಲಹೆ ಎಲ್ಲ ಇರುತ್ತದೆ. ವಸ್ತು ಕೈಗೆ ಬಂದಾಗ ಅವರು ಮೊದಲು ನೋಡುವುದು ತಳ, ಬೆನ್ನು ಮತ್ತು ಒಳಮೈ, ಮುಂಭಾಗ ಕೊನೆಗೆ. ಮುದ್ರೆ, ಸವೆತ, ರಿಪೇರಿ ಸಿಗುವುದು ಅಲ್ಲೇ.

ಮುದ್ರೆಯಿಂದ ಕಾಲವನ್ನು ಹೇಗೆ ಹಿಡಿಯುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ. ಅಮೆರಿಕದ ಸುಂಕ ಕಾನೂನಿನ ಪ್ರಕಾರ 1891ರಿಂದ ಆಮದಾದ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕಾಯಿತು. ಜಪಾನಿನ ಪಿಂಗಾಣಿಯ ಮೇಲೆ ಆಗ ‘ನಿಪ್ಪಾನ್’ ಎಂದು ಬರೆಯುತ್ತಿದ್ದರು. 1921ರಲ್ಲಿ ‘ಜಪಾನ್’ ಎಂದೇ ಬರೆಯಬೇಕೆಂಬ ನಿಯಮ ಬಂತು. ಹಾಗಾಗಿ ಅಸಲಿ ‘ನಿಪ್ಪಾನ್’ ಮುದ್ರೆ ಕಂಡರೆ ಮೂವತ್ತು ವರ್ಷಗಳ ಒಂದು ಕಿಂಡಿ ತೆರೆದಂತೆ. ಅಸಲಿ ಎಂಬ ಮಾತು ಮುಖ್ಯ, ಏಕೆಂದರೆ ಆ ಮುದ್ರೆಯನ್ನೇ ನಕಲು ಮಾಡಿದ ಹೊಸ ಹೂದಾನಿಗಳೂ ಮಾರುಕಟ್ಟೆಯಲ್ಲಿವೆ.

ತಪ್ಪುತ್ತಾರೆ, ಖಂಡಿತ. ಅಮೆರಿಕದ ‘ಆಂಟಿಕ್ಸ್ ರೋಡ್‌ಶೋ’ದಲ್ಲಿ 2016ರಲ್ಲಿ ಪ್ರಸಾರವಾದ ಕಂತೊಂದರಲ್ಲಿ ವಿಕಾರ ಮುಖಗಳಿದ್ದ ಮಣ್ಣಿನ ಹೂಜಿಯೊಂದನ್ನು 19ನೇ ಶತಮಾನದ್ದೆಂದು ತಿಳಿದು 30,000ದಿಂದ 50,000 ಡಾಲರ್ ಬೆಲೆ ಕಟ್ಟಿದ್ದರು. ಆಮೇಲೆ ತಿಳಿದದ್ದು, ಅದು 1970ರ ದಶಕದಲ್ಲಿ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳು ಮಾಡಿದ ಕೆಲಸ. ಅಂದಾಜನ್ನು 3,000ದಿಂದ 5,000 ಡಾಲರಿಗೆ ಇಳಿಸಿ ಪ್ರಕಟಿಸಿದರು. ಮುದ್ರೆಯಾಗಲಿ ದಾಖಲೆಯಾಗಲಿ ಇಲ್ಲದ ವಸ್ತುವನ್ನು ಶೈಲಿಯೊಂದನ್ನೇ ನೋಡಿ ಕಾಲಕ್ಕೆ ಹೊಂದಿಸಿದರೆ ಹೀಗಾಗುತ್ತದೆ. ತಪ್ಪನ್ನು ಮುಚ್ಚಿಡದೆ ತಿದ್ದಿದ ರೀತಿ ಮಾತ್ರ ನಮಗೆ ಬಹಳ ಮೆಚ್ಚುಗೆಯಾಯಿತು.

ಪ್ರಶ್ನೆ: ನನ್ನ ಊಹೆ ಯಾವಾಗಲೂ ಹತ್ತು ಪಟ್ಟು ಆಚೀಚೆ ಆಗುತ್ತದೆ. ಊಹಿಸಲು ಕ್ರಮವೇನಾದರೂ ಇದೆಯೇ?

ಇದೆ. ಮೊದಲು ನೆಲದ ಬೆಲೆ ಹಿಡಿಯಿರಿ: ವಸ್ತುವನ್ನು ಕರಗಿಸಿದರೆ, ಬಿಡಿಸಿದರೆ ಸಿಗುವ ಮೊತ್ತ. ಬೆಳ್ಳಿಯ ಮೇಲೆ 925 ಎಂಬ ಗುರುತಿದ್ದರೆ 1,000 ಗ್ರಾಂ ತೂಕದಲ್ಲಿ 925 ಗ್ರಾಂ ಶುದ್ಧ ಬೆಳ್ಳಿ. ಅದನ್ನು ಆ ದಿನದ ದರಕ್ಕೆ ಗುಣಿಸಿ. ಇಲ್ಲೊಂದು ಹಳ್ಳವಿದೆ: ಬೆಳ್ಳಿಯ ಮೇಣದಬತ್ತಿ ಕಂಬಗಳು ಹಲವು ಬಾರಿ ತೆಳು ತಗಡಿನವು. ನಿಲ್ಲಲಿ ಎಂದು ಒಳಗೆ ರಾಳ, ಗಾರೆ ಅಥವಾ ಕಬ್ಬಿಣದ ಸರಳು ತುಂಬಿರುತ್ತಾರೆ. ಚಾಕುವಿನ ಹಿಡಿಗಳೂ ಹಾಗೆಯೇ. ತಕ್ಕಡಿಯ ತೂಕವನ್ನೆಲ್ಲ ಬೆಳ್ಳಿ ಎಂದು ಲೆಕ್ಕ ಹಾಕಿದರೆ ಕೆಟ್ಟಿರಿ. ‘ಇ.ಪಿ.ಎನ್.ಎಸ್.’ ಎಂಬ ಅಕ್ಷರಗಳಿದ್ದರೆ ಅದು ನಿಕ್ಕಲ್ ಮಿಶ್ರಲೋಹದ ಮೇಲಿನ ಬೆಳ್ಳಿ ಲೇಪ. ಕರಗಿಸಿದರೆ ಏನೂ ಸಿಗದು.

ಆಮೇಲೆ ಚಾವಣಿ ಹಿಡಿಯಿರಿ: ‘ಇದಕ್ಕಿಂತ ಹೆಚ್ಚಿರಲು ಸಾಧ್ಯವೇ ಇಲ್ಲ’ ಎನ್ನುವ ಸಂಖ್ಯೆ. ನೆಲ 200, ಚಾವಣಿ 20,000 ಎಂದು ತೋರಿತು ಎನ್ನಿ. ಬಹುತೇಕರು ಎರಡನ್ನೂ ಕೂಡಿಸಿ ಅರ್ಧ ಮಾಡಿ 10,100 ಎನ್ನುತ್ತಾರೆ. ಅದು ತಪ್ಪು ನಡು. ಬೆಲೆಗಳು ಪಟ್ಟುಗಳಲ್ಲಿ ಏರುತ್ತವೆ, ಆದ್ದರಿಂದ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 200ನ್ನು 20,000ದಿಂದ ಗುಣಿಸಿದರೆ 40 ಲಕ್ಷ, ಅದರ ವರ್ಗಮೂಲ 2,000. ನೆಲದಿಂದ ಹತ್ತು ಪಟ್ಟು ಮೇಲೆ, ಚಾವಣಿಯಿಂದ ಹತ್ತು ಪಟ್ಟು ಕೆಳಗೆ. ಅಲ್ಲಿಂದ ಶುರು ಮಾಡಿ ಸ್ಥಿತಿ ನೋಡಿ ಮೇಲೆ ಕೆಳಗೆ ಸರಿಯಿರಿ. ಆಟಿಕೆಗೆ ಮೂಲ ಡಬ್ಬಿ ಇದೆಯೇ? ಇದ್ದರೆ ಮೇಲೆ. ಗಡಿಯಾರದ ಮುಖಕ್ಕೆ ಮತ್ತೆ ಬಣ್ಣ ಬಿದ್ದಿದೆಯೇ? ಕೆಳಗೆ. ಹಳೆಯ ಮರದ ಪೆಟ್ಟಿಗೆಯನ್ನು ಉಜ್ಜಿ ಹೊಸ ಪಾಲಿಶ್ ಹೊಡೆದಿದ್ದಾರೆಯೇ? ಇನ್ನೂ ಕೆಳಗೆ.

ನಿರೂಪಕರು ಬೆಲೆಗೆ ಮುನ್ನ ಹೇಳುವ ಯಾವ ಸಂಖ್ಯೆಯನ್ನೂ ತಲೆಗೆ ಹಾಕಿಕೊಳ್ಳಬೇಡಿ. 1974ರಲ್ಲಿ ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾನ್ಮನ್ ಪ್ರಕಟಿಸಿದ ಪ್ರಯೋಗದಲ್ಲಿ ಜನರ ಎದುರು ಅಂಕಿಗಳಿದ್ದ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದ್ದರು. ಚಕ್ರ 10ರಲ್ಲಿ ನಿಂತವರ ಉತ್ತರದ ಮಧ್ಯಾಂಕ (ಉತ್ತರಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) 25, 65ರಲ್ಲಿ ನಿಂತವರದ್ದು 45. ಪ್ರಶ್ನೆಗೂ ಚಕ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಪ್ರಶ್ನೆ: ‘ಮೀರದೆ ಹತ್ತಿರ ಬಂದವರು ಗೆದ್ದರು’ ಎಂಬ ನಿಯಮವಿದ್ದಾಗ ಹೇಗೆ ಆಡಬೇಕು?

ನಾಲ್ವರ ಆಟದಲ್ಲಿ ಕೊನೆಗೆ ಹೇಳುವವರ ಕೈಯೇ ಮೇಲು. ಮೊದಲ ಮೂವರು 700, 900, 1,200 ಎಂದಿದ್ದರೆ ಕೊನೆಯವರಿಗೆ ಇರುವುದು ನಾಲ್ಕೇ ಒಳ್ಳೆಯ ಉತ್ತರ: 1,201, 901, 701 ಅಥವಾ 1. ಬೆಲೆ 1,200ಕ್ಕಿಂತ ಹೆಚ್ಚೆಂದು ಅನ್ನಿಸಿದರೆ 1,201 ಎನ್ನಿ. 1,300 ಎಂದರೆ ನಡುವಿನ ಜಾಗವನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. ಮೂವರೂ ಮೀರಿದ್ದಾರೆ ಎನ್ನಿಸಿದರೆ 1. ಇಷ್ಟು ಸರಳವಾದರೂ ‘ದ ಪ್ರೈಸ್ ಈಸ್ ರೈಟ್’ ಆಟವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು 1996ರಲ್ಲಿ ಬರೆದಂತೆ, ಕೊನೆಯ ಸರದಿಯ ಸ್ಪರ್ಧಿಗಳಲ್ಲಿ ಬಹಳ ಮಂದಿ ಹೀಗೆ ಆಡುವುದಿಲ್ಲ. ಮೊದಲ ಸರದಿ ನಿಮ್ಮದಾದರೆ ಮನಸ್ಸಿನ ಅಂದಾಜಿಗಿಂತ ಸ್ವಲ್ಪ ಕೆಳಗೆ ಹೇಳಿ.

ಪ್ರಶ್ನೆ: ನಾವೇ ಇಂಥ ಆಟ ನಡೆಸಬೇಕೆಂದಿದ್ದೇವೆ, ಸುಮಾರು ಇಪ್ಪತ್ತು ಮಂದಿ. ಏನೇನು ಬೇಕು? ಜಗಳವಾಗದಂತೆ ಅಂಕ ಕೊಡುವುದು ಹೇಗೆ?

ಎಂಟು ವಸ್ತು ಸಾಕು, ಹತ್ತು ದಾಟಿದರೆ ಜನ ಬೇಸರಿಸುತ್ತಾರೆ. ಬೇಕಾದ ಸಾಮಗ್ರಿ: ಒಂದು ತಕ್ಕಡಿ, ಅಳತೆ ಟೇಪು, ಭೂತಗನ್ನಡಿ, ಪ್ರತಿಯೊಬ್ಬರಿಗೂ ಎಂಟು ಚೀಟಿ, ಒಂದು ಮುಚ್ಚಿದ ಡಬ್ಬಿ.

ಕಷ್ಟದ ಕೆಲಸ ‘ಸರಿಯಾದ ಬೆಲೆ’ ಹುಡುಕುವುದು. ಹೊಸ ವಸ್ತುವಿಗೆ ಬಿಲ್ಲೇ ಸಾಕ್ಷಿ. ಹಳೆಯದಕ್ಕೆ ಅದೇ ಮಾದರಿ, ಅದೇ ಸ್ಥಿತಿಯ ವಸ್ತು ಕಳೆದ ಎರಡು ವರ್ಷಗಳಲ್ಲಿ ಹರಾಜಿನಲ್ಲಿ ಮಾರಾಟವಾದ ಕನಿಷ್ಠ ಮೂರು ದಾಖಲೆ ಹುಡುಕಿ, ನಡುವಿನದ್ದನ್ನು ಹಿಡಿಯಿರಿ. ಮೂರರಲ್ಲಿ ಅತಿ ಹೆಚ್ಚಿನದು ಅತಿ ಕಡಿಮೆಯದರ ಎರಡು ಪಟ್ಟು ಮೀರಿದರೆ ಆ ವಸ್ತುವನ್ನೇ ಕೈಬಿಡಿ. ಜಗಳ ಹುಟ್ಟುವುದು ಅಂಥದ್ದರಿಂದಲೇ. ಜಾಲತಾಣಗಳಲ್ಲಿ ಮಾರುವವರು ಹಾಕಿಕೊಂಡ ಬೆಲೆಯನ್ನು ಎಂದೂ ತೆಗೆದುಕೊಳ್ಳಬೇಡಿ. ಅದು ಆಸೆ, ಮಾರಾಟವಲ್ಲ. ಎಲ್ಲ ದಾಖಲೆಗಳಲ್ಲೂ ಕೊಳ್ಳುವವರ ಶುಲ್ಕ ಸೇರಿದೆಯೇ ಎಂದು ನೋಡಿ ಒಂದೇ ಅಳತೆಗೆ ತನ್ನಿ.

ಅತಿ ಅಗ್ಗದ್ದಕ್ಕೂ ಅತಿ ದುಬಾರಿಯದಕ್ಕೂ ನೂರು ಪಟ್ಟಾದರೂ ಅಂತರವಿರಲಿ. ಅಗ್ಗದಿಂದ ದುಬಾರಿಗೆ ಸಾಲಾಗಿ ಇಡಬೇಡಿ, ಎರಡನೆಯ ವಸ್ತುವಿಗೇ ಆಟ ಬಯಲಾಗುತ್ತದೆ. ಪ್ರತಿ ವಸ್ತುವಿನ ಮುಂದೆ ತೂಕ, ಅಳತೆ ಬರೆದ ಚೀಟಿ ಇಡಿ. ಲೋಹ, ನಾಣ್ಯ ಮುಟ್ಟುವಾಗ ಹತ್ತಿಯ ಕೈಗವಸು ಬೇಕು. ಪಿಂಗಾಣಿ, ಗಾಜಿಗೆ ಅದು ಬೇಡ, ಜಾರುತ್ತದೆ, ಒಣಗಿದ ಶುಭ್ರ ಬರಿಗೈಯೇ ಕ್ಷೇಮ. ಫೋನುಗಳನ್ನು ಮೊದಲೇ ತೆಗೆದಿಡಿಸಿ, ಚಿತ್ರ ತೆಗೆದು ಹುಡುಕಿದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಊಹೆಯನ್ನು ಕೂಗಿ ಹೇಳಿಸಬೇಡಿ, ಬರೆಸಿ. ಮೊದಲು ಕೂಗಿದವರ ಸಂಖ್ಯೆಯ ಸುತ್ತಲೇ ಉಳಿದವರು ಸುತ್ತುತ್ತಾರೆ. ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕೆ ಒಳ್ಳೆಯ ಆಧಾರ. ಎತ್ತೊಂದರ ಮಾಂಸದ ತೂಕ ಊಹಿಸುವ ಸ್ಪರ್ಧೆಯ 787 ಚೀಟಿಗಳ ಮಧ್ಯಾಂಕ 1,207 ಪೌಂಡು, ನಿಜವಾದ ತೂಕ 1,198. ಪ್ರತಿಯೊಬ್ಬರೂ ತಮ್ಮ ಪಾಡಿಗೆ ಬರೆದಿದ್ದರಿಂದಲೇ ಆ ಚೀಟಿಗಳು ಒಟ್ಟಿಗೆ ಅಷ್ಟು ಹತ್ತಿರ ಬಂದವು. ಚೀಟಿಯಲ್ಲಿ ಅಂಕಿ ಮತ್ತು ಅಕ್ಷರ ಎರಡರಲ್ಲೂ ಬರೆಸಿ, ಸೊನ್ನೆಯ ತಕರಾರು ತಪ್ಪುತ್ತದೆ.

ಅಂಕಕ್ಕೆ ವ್ಯತ್ಯಾಸ ಎಣಿಸಬೇಡಿ, ಪಟ್ಟು ಎಣಿಸಿ. ನಿಜ ಬೆಲೆ 1,000 ಇದ್ದಾಗ ಒಬ್ಬರು 500, ಇನ್ನೊಬ್ಬರು 2,000 ಎಂದರೆ ಇಬ್ಬರೂ ಎರಡು ಪಟ್ಟು ತಪ್ಪಿದ್ದಾರೆ. ವ್ಯತ್ಯಾಸ ನೋಡಿದರೆ ಎರಡನೆಯವರಿಗೆ ಅನ್ಯಾಯ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ. ಭಾಗಲಬ್ಧ 1.1ರೊಳಗಿದ್ದರೆ 10 ಅಂಕ, 1.25ರೊಳಗೆ 7, 1.5ರೊಳಗೆ 4, 2ರೊಳಗೆ 2, ಮೀರಿದರೆ ಸೊನ್ನೆ. ದುಬಾರಿ ವಸ್ತುವೊಂದೇ ಇಡೀ ಆಟವನ್ನು ತೀರ್ಮಾನಿಸುವುದೂ ಇದರಿಂದ ತಪ್ಪುತ್ತದೆ. ಎಲ್ಲಕ್ಕೂ ಮೊದಲು ಅಂಕವಿಲ್ಲದ ಒಂದು ಅಭ್ಯಾಸದ ಸುತ್ತು ಆಡಿಸಿ, ಯಾವ ಬೆಲೆಯನ್ನು ಕೇಳುತ್ತಿದ್ದೀರಿ ಎಂಬುದು ಆಗಲೇ ಎಲ್ಲರಿಗೂ ಸ್ಪಷ್ಟವಾಗಲಿ.

ಪ್ರಶ್ನೆ: ಪ್ರಪಂಚದಲ್ಲಿ ಒಂದೇ ಒಂದು ಇರುವ ವಸ್ತುವಿನ ಬೆಲೆ ಏರುತ್ತಲೇ ಹೋಗುತ್ತದಲ್ಲವೇ?

ಇಲ್ಲ. 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಮಜೆಂಟಾ ಅಂಚೆಚೀಟಿ 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಅದೇ ಚೀಟಿಗೆ ಬಂದದ್ದು ಸುಮಾರು 83 ಲಕ್ಷ. ವಸ್ತು ಒಂದೇ ಇದ್ದರೂ ಆ ದಿನ ಪಟ್ಟು ಹಿಡಿದು ಕೂಗುವವರು ಕನಿಷ್ಠ ಇಬ್ಬರು ಬೇಕು.

ಪ್ರಶ್ನೆ: ಈ ಆಟಗಳಲ್ಲಿ ಉತ್ತರವನ್ನು ಮೊದಲೇ ಹೇಳಿಕೊಟ್ಟಿರುತ್ತಾರೆಯೇ?

1950ರ ದಶಕದ ಅಮೆರಿಕದ ಕ್ವಿಜ್ ಕಾರ್ಯಕ್ರಮಗಳಲ್ಲಿ ಹಾಗೆ ನಡೆದು ದೊಡ್ಡ ಹಗರಣವಾಯಿತು. 1960ರಲ್ಲಿ ಅಲ್ಲಿನ ಸಂಪರ್ಕ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಅಪರಾಧವೆಂದು ಘೋಷಿಸಿದರು. ಆದರೆ ನೆನಪಿಟ್ಟುಕೊಂಡು ಗೆಲ್ಲುವುದು ಮೋಸವಲ್ಲ. 2008ರಲ್ಲಿ ‘ದ ಪ್ರೈಸ್ ಈಸ್ ರೈಟ್’ನ ಸ್ಪರ್ಧಿಯೊಬ್ಬರು ಕೊನೆಯ ಸುತ್ತಿನಲ್ಲಿ 23,743 ಡಾಲರ್ ಎಂದು ಒಂದು ಡಾಲರೂ ತಪ್ಪದೆ ಹೇಳಿದರು. ಕಾರ್ಯಕ್ರಮದಲ್ಲಿ ಅವವೇ ವಸ್ತುಗಳು ಮತ್ತೆ ಮತ್ತೆ ಬರುತ್ತಿದ್ದುದೇ ಅದಕ್ಕೆ ದಾರಿ ಮಾಡಿತ್ತು.

ಪ್ರಶ್ನೆ: ಬೆಲೆ ಕಟ್ಟಿಸುವ ಮೊದಲು ಹಳೆಯ ನಾಣ್ಯವನ್ನು ತೊಳೆದು ಹೊಳಪು ಕೊಡಬೇಕೇ?

ಬೇಡವೇ ಬೇಡ. ಉಜ್ಜಿದರೆ ಮೇಲ್ಮೈಯಲ್ಲಿ ಸೂಕ್ಷ್ಮ ಗೀರು ಬೀಳುತ್ತದೆ, ವರ್ಷಗಟ್ಟಲೆ ಕೂತ ಸಹಜ ಬಣ್ಣ ಹೋಗುತ್ತದೆ. ಸಂಗ್ರಾಹಕರು ಅದನ್ನು ಭೂತಗನ್ನಡಿಯಲ್ಲಿ ತಕ್ಷಣ ಹಿಡಿಯುತ್ತಾರೆ, ಬೆಲೆ ಇಳಿಯುತ್ತದೆ. ಅಂಚು ಹಿಡಿದು ಎತ್ತಿ, ಪಿ.ವಿ.ಸಿ. ಇಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಇದ್ದ ಹಾಗೇ ಹಾಕಿ ಒಯ್ಯಿರಿ.