ಎರಡು ನಾಣ್ಯ, ಮೂರು ಫಲಿತ: ಮಗಳು ಬರೆದದ್ದು ತಪ್ಪಾ?

ಪ್ರಶ್ನೆ: ಮಗಳು ಹತ್ತನೇ ಕ್ಲಾಸ್. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಏನೇನು ಬೀಳಬಹುದು, ಪಟ್ಟಿ ಮಾಡು ಅಂತ ಟೆಸ್ಟಿನಲ್ಲಿ ಕೇಳಿದ್ದರು. ಅವಳು ‘ಎರಡೂ ಹೆಡ್, ಎರಡೂ ಟೇಲ್, ಒಂದೊಂದು’ ಅಂತ ಮೂರು ಬರೆದಳು. ಸೊನ್ನೆ ಬಂತು. ನಾಲ್ಕು ಬರೆಯಬೇಕಿತ್ತಂತೆ. ಎರಡೂ ಒಂದೇ ಥರದ ನಾಣ್ಯ, ಹೆಡ್-ಟೇಲ್ ಆದರೇನು ಟೇಲ್-ಹೆಡ್ ಆದರೇನು, ನೋಡುವವರಿಗೆ ಒಂದೇ ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸೊನ್ನೆ ಕೊಟ್ಟಿದ್ದು ಜಾಸ್ತಿ ಆಯ್ತು. ನಿಮ್ಮ ಮಗಳ ಪಟ್ಟಿ ತಪ್ಪಲ್ಲ. ಸ್ಯಾಂಪಲ್ ಸ್ಪೇಸ್ (ಬೀಳಬಹುದಾದ ಎಲ್ಲ ಫಲಿತಗಳ ಪಟ್ಟಿ) ಅನ್ನಿಸಿಕೊಳ್ಳಲು ಬೇಕಾಗಿರುವುದು ಇಷ್ಟೇ: ಏನೇ ಬಿದ್ದರೂ ಅದಕ್ಕೆ ಪಟ್ಟಿಯಲ್ಲಿ ಜಾಗ ಇರಬೇಕು, ಒಂದೇ ಜಾಗ ಇರಬೇಕು. ದಾಳ ಎಸೆದು ‘ಸಮ ಸಂಖ್ಯೆ, ಅವಿಭಾಜ್ಯ ಸಂಖ್ಯೆ’ ಅಂತ ಬರೆದಿದ್ದರೆ ಅದು ನಿಜವಾದ ತಪ್ಪು. 2 ಬಿದ್ದರೆ ಎರಡೂ ಕಡೆ ಸೇರುತ್ತದೆ, 1 ಬಿದ್ದರೆ ಎಲ್ಲೂ ಸೇರುವುದಿಲ್ಲ.

ಆದರೆ ಟೀಚರ್ ಯಾಕೆ ನಾಲ್ಕು ಕೇಳಿದರು ಅನ್ನುವುದೂ ಗೊತ್ತಿರಲಿ. ಎರಡೂ ಹೆಡ್ ಬೀಳುವ ಸಂಭವನೀಯತೆ ಎಷ್ಟು ಅಂತ ಮುಂದಿನ ಪ್ರಶ್ನೆ ಬಂದರೆ, ಮೂರು ಬರೆದವರು ಹಿಂದೆಮುಂದೆ ನೋಡದೆ 1/3 ಅಂದುಬಿಡುತ್ತಾರೆ, ಕೆಡುವುದು ಅಲ್ಲಿ. ಒಂದು ನಾಣ್ಯಕ್ಕೆ ಒಂದು ಚುಕ್ಕಿ ನೇಲ್ ಪಾಲಿಶ್ ಹಚ್ಚಿ ಎಸೆಯಲು ಹೇಳಿ. ಬಣ್ಣದ್ದು ಹೆಡ್, ಇನ್ನೊಂದು ಟೇಲ್. ಅಥವಾ ಅದರ ಉಲ್ಟಾ. ‘ಒಂದೊಂದು’ ಅನ್ನುವುದು ಎರಡು ದಾರಿಯಲ್ಲಿ ಬರುತ್ತದೆ, ಎರಡೂ ಹೆಡ್ ಬರುವುದು ಒಂದೇ ದಾರಿಯಲ್ಲಿ. ಬಣ್ಣ ಹಚ್ಚಿದ ಮಾತ್ರಕ್ಕೆ ನಾಣ್ಯ ಬೀಳುವ ರೀತಿ ಬದಲಾಗುವುದಿಲ್ಲವಲ್ಲ! ಹಾಗಾಗಿ ಉತ್ತರ 1/4.

ಮಗಳಿಗೆ ಬೇಜಾರಾಗಿದ್ದರೆ ಇದನ್ನು ಹೇಳಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೆರ್ ಕೂಡ 1754ರಲ್ಲಿ ಇಂಥದ್ದೇ ಕಡೆ ಎಡವಿದ್ದ. ಎರಡು ಎಸೆತದಲ್ಲಿ ಒಂದಾದರೂ ಹೆಡ್ ಬೀಳುವ ಸಂಭವನೀಯತೆ ಎಷ್ಟು ಅನ್ನುವುದು ಪ್ರಶ್ನೆ. ಮೊದಲೇ ಬಿದ್ದರೆ ಎರಡನೆಯದು ಎಸೆಯುವುದೇ ಬೇಡ, ಅಂದಮೇಲೆ ಇರುವುದು ಮೂರೇ ಫಲಿತ (ಹೆಡ್, ಟೇಲ್-ಹೆಡ್, ಟೇಲ್-ಟೇಲ್), ಉತ್ತರ 2/3 ಅಂತ ವಾದಿಸಿದ. ಸರಿಯಾದ ಉತ್ತರ 3/4.

ಮನೆಯಲ್ಲಿ ಚೌಕಾಬಾರ ಆಡುತ್ತೀರಾ? ನಾಲ್ಕು ಕವಡೆ ಹಾಕಿದರೆ ಬೀಳುವ ಗರ ಐದೇ: 1, 2, 3, ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ 8, ಅಂದರೆ ಬಾರ. ಐದರ ಪಟ್ಟಿ ಸರಿಯಾಗಿಯೇ ಇದೆ. ಹಾಗಂತ ಐದು ಸಲಕ್ಕೊಮ್ಮೆ ಬಾರ ಬೀಳುತ್ತದೆ ಅಂತ ಕಾದು ಕೂತವರು ಸೋತಿದ್ದಾರೆ. ಕವಡೆ ಬದಲು ನಾಣ್ಯ ಹಾಕಿದರೆ ಒಟ್ಟು 16 ದಾರಿ, ಅದರಲ್ಲಿ 2 ಬೀಳಲು 6, ಬಾರ ಬೀಳಲು 1. ಕವಡೆಯಲ್ಲಿ ಆ 16 ಕೂಡ ಸಮ ಇರಬೇಕಾಗಿಲ್ಲ, ಅದಕ್ಕೆ ಒಂದು ಕಡೆ ಉಬ್ಬು ಬೆನ್ನು, ಇನ್ನೊಂದು ಕಡೆ ಚಪ್ಪಟೆ. ಅಲ್ಲಿ ಸುಮ್ನೆ ಕೂತು ಲೆಕ್ಕ ಹಾಕಿದರೆ ಆಗುವುದಿಲ್ಲ, ನೂರಾರು ಸಲ ಎಸೆದು ಎಣಿಸಬೇಕು.

ಪ್ರಶ್ನೆ: ಟಾಸ್ ಹಾಕಿದಾಗ ನಾಣ್ಯ ಅಂಚಿನ ಮೇಲೆ ನಿಂತರೆ?
– ಗಲ್ಲಿ ಕ್ರಿಕೆಟಿಗ, ಹಾಸನ

ಉತ್ತರ: ನಿಂತರೆ ಇನ್ನೊಂದು ಸಲ ಹಾಕೋಣ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಫಲಿತ ಎರಡೇ. ಮಾತಾಡಿಲ್ಲದಿದ್ದರೆ ಮೂರನೆಯದನ್ನೂ ಪಟ್ಟಿಗೆ ಸೇರಿಸಿ, ಅದರಲ್ಲೂ ಕೆಸರು ಗದ್ದೆಯಲ್ಲಿ ಆಡುವವರಾದರೆ.