ಅಡಿಕೆ ಸುಲಿಯುವುದು ಯೋಗವಲ್ಲ, ಅಕ್ಕ

ಹೊಸನಗರ ತಾಲೂಕಿನಿಂದ ಒಬ್ಬ ಅತ್ತೆ ಪತ್ರ ಬರೆದಿದ್ದಾರೆ. ಇನ್‌ಲ್ಯಾಂಡ್ ಲೆಟರಿನ ಮಡಿಕೆಗಳೆಲ್ಲ ತುಂಬಿ, ಅಂಟು ಹಚ್ಚುವ ಅಂಚಿನಲ್ಲೂ ಎರಡು ಸಾಲು ಇವೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಿಷಯ ಇಷ್ಟು: ಸೊಸೆಗೆ ಈಗ ಐದು ತಿಂಗಳು. ನಮ್ಮ ಜೂನ್ ಸಂಚಿಕೆಯ ಯೋಗದ ಪುಟವನ್ನು ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಆಸನ ಮಾಡುತ್ತಾಳೆ. "ನಾನು ಬಸುರಿಯಾಗಿದ್ದಾಗ ಕೊಟ್ಟಿಗೆ ಬಾಚಿದೆ, ಬಾವಿಯಿಂದ ನೀರು ಸೇದಿದೆ, ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿದೆ. ಮೂರು ಹೆರಿಗೆಯೂ ಮನೆಯಲ್ಲೇ ಸಲೀಸಾಗಿ ಆಯ್ತು. ಇವಳಿಗೆ ಈ ಸರ್ಕಸ್ಸು ಯಾಕೆ? ಬಿದ್ದು ಏನಾದರೂ ಆದರೆ ಹೊಣೆ ಯಾರು, ನಿಮ್ಮ ಪತ್ರಿಕೆಯಾ?" ಎಂದು ಕೇಳಿದ್ದಾರೆ. ಅಂಚಿನ ಎರಡು ಸಾಲು ಸ್ವಲ್ಪ ಮೆತ್ತಗಿವೆ: "ಯೋಗ ಮಾಡಿದರೆ ಸಿಸೇರಿಯನ್ ತಪ್ಪುತ್ತದಂತೆ, ಮಗು ಬುದ್ಧಿವಂತ ಆಗುತ್ತದಂತೆ. ಹೌದಾ?"

ಅಕ್ಕ, ನಮಸ್ಕಾರ.

ಮೊದಲು ಹೊಣೆಯ ಮಾತು. ಒಂದು ವಿಷಯದಲ್ಲಿ ಹೊಣೆ ನಮ್ಮದೇ. ಜೂನ್ 21ರ ಯೋಗ ದಿನಕ್ಕೆಂದು ಅವಸರದಲ್ಲಿ ಕಟ್ಟಿದ ಪುಟ ಅದು. ಅದರ ಕೊನೆಯ ಚಿತ್ರದಲ್ಲಿ ತುಂಬು ಬಸುರಿಯೊಬ್ಬಳು ಅಂಗಾತ ಮಲಗಿ ಶವಾಸನದಲ್ಲಿದ್ದಾಳೆ. ಆ ಚಿತ್ರ ಬರಬಾರದಿತ್ತು. ಪ್ರೂಫ್ ನೋಡಿದವಳು ನಾನೇ, ನೋಡಿಯೂ ಬಿಟ್ಟೆ. ಕಾಲು, ಸೊಂಟದ ಕಡೆಯಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಬೆನ್ನೆಲುಬಿನ ಬಲಮಗ್ಗುಲಲ್ಲೇ ಹಾದುಹೋಗುತ್ತದೆ. ಐದು ತಿಂಗಳು ದಾಟಿದ ಮೇಲೆ ಬಸುರಿ ಅಂಗಾತ ಬಹಳ ಹೊತ್ತು ಮಲಗಿದರೆ ಗರ್ಭಕೋಶದ ಭಾರವೆಲ್ಲ ಅದರ ಮೇಲೆ ಕೂರುತ್ತದೆ. ತಲೆ ಸುತ್ತಬಹುದು, ಬೆವರಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಆದ್ದರಿಂದ ವಿಶ್ರಾಂತಿಯ ಭಂಗಿ ಎಂದರೆ ಎಡಮಗ್ಗುಲು, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಇನ್ನೊಂದು. ಈ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದ್ದೇವೆ.

ಈಗ ನಿಮ್ಮ ಮೂರು ಹೆರಿಗೆಯ ಮಾತಿಗೆ ಬರುತ್ತೇನೆ. ನೀವು ಗಟ್ಟಿ ಜೀವ, ಒಪ್ಪಿದೆ. ನನ್ನ ಚಿಕ್ಕಮ್ಮನೂ ಕೊಟ್ಟಿಗೆ ಬಾಚಿದವಳೇ, ಅಡಿಕೆ ಸುಲಿದವಳೇ. ಆಷಾಢದ ಒಂದು ರಾತ್ರಿ ಅವಳಿಗೆ ಎರಡನೆಯ ಹೆರಿಗೆಯಾಯಿತು. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಹಳ್ಳ ಏರಿ ಸಂಕ ಕೊಚ್ಚಿಹೋಗಿತ್ತು, ಆಚೆ ದಡದಲ್ಲಿ ಜೀಪು ನಿಂತಿತ್ತು. ಆಗ ನನಗೆ ಒಂಬತ್ತು ವರ್ಷ. 'ಹಿಂದಿನ ಕಾಲದಲ್ಲಿ ಎಲ್ಲ ಸಲೀಸಾಗಿ ಆಗುತ್ತಿತ್ತು' ಎಂದು ಹೇಳುವವರು ಉಳಿದುಕೊಂಡವರು. ಹೋದವರು ಪತ್ರಿಕೆಗೆ ಪತ್ರ ಬರೆಯುವುದಿಲ್ಲ. 2001-03ರಲ್ಲಿ ಕೂಡ ಕರ್ನಾಟಕದಲ್ಲಿ ಲಕ್ಷ ಶಿಶುಗಳು ಹುಟ್ಟುವಾಗ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಳಿಸಿದ್ದು ಮನೆಗೆಲಸವಲ್ಲ. ಯೋಗವೂ ಅಲ್ಲ ಅನ್ನಿ. ಆಸ್ಪತ್ರೆಯ ಹೆರಿಗೆ, ಆಶಾ ಕಾರ್ಯಕರ್ತೆ, 108ರ ಗಾಡಿ, ಬೇಕಾದಾಗ ಸಿಕ್ಕ ರಕ್ತ, ಇವು ಇಳಿಸಿದವು. ಹಾಗಾಗಿ ಗೋಡೆಯ ಮೇಲಿನ ಪುಟಕ್ಕಿಂತ ಮೊದಲು ತಾಯಿ ಕಾರ್ಡ್ ತೆಗೆದು ನೋಡಿ. ರಕ್ತದೊತ್ತಡ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಸ್ಕ್ಯಾನಿಂಗ್‌ನಲ್ಲಿ ಮಾಸು ಎಲ್ಲಿದೆ ಅಂದಿದ್ದಾರೆ? ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಲ್ಲಿಯ ಡಾಕ್ಟರ ಹತ್ತಿರ 'ಆಸನ ಮಾಡಬಹುದಾ' ಎಂದು ಸೊಸೆಯೇ ಬಾಯಿಬಿಟ್ಟು ಕೇಳಲಿ. ಮಾಸು ಕೆಳಗೆ ಕೂತಿದ್ದರೆ, ರಕ್ತ ಕಾಣಿಸಿಕೊಂಡಿದ್ದರೆ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದರೆ, ಬಿಪಿ ಏರಿದ್ದರೆ, ರಕ್ತ ತೀರಾ ಕಡಿಮೆಯಿದ್ದರೆ ಡಾಕ್ಟರ ಒಪ್ಪಿಗೆಯಿಲ್ಲದೆ ಏನೂ ಬೇಡ. (ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಕಾಫಿ, ಟೀ ಬೇಡ. ಮಾತ್ರೆಯ ಅರ್ಧ ಗುಣ ಲೋಟದಲ್ಲೇ ಹೋಗುತ್ತದೆ. ನಮ್ಮ ಕಡೆ ಊಟ ಮುಗಿಯುವ ಮೊದಲೇ ಕಾಫಿ ಡಿಕಾಕ್ಷನ್ ಇಳಿದಿರುತ್ತದೆ, ಅದಕ್ಕೇ ಹೇಳಿದೆ.)

ಮನೆಗೆಲಸವೇ ವ್ಯಾಯಾಮ ಅಲ್ಲವೇ ಅಂತ ನಿಮ್ಮ ವಾದ. ಅರ್ಧ ನಿಜ. ಬಸುರಿ ಮೂಲೆಯಲ್ಲಿ ಕೂತಿರಬೇಕಿಲ್ಲ, ವಾರಕ್ಕೆ 150 ನಿಮಿಷ ಮೈ ಬೆಚ್ಚಗಾಗುವಷ್ಟು ಓಡಾಟ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಅಡಿಕೆ ಸುಲಿಯುವುದನ್ನೇ ನೋಡಿ. ಮೆಟ್ಟುಗತ್ತಿಯ ಮೇಲೆ ಒಂದು ಕಾಲು ಮಡಚಿ ಕೂತು, ಬೆನ್ನು ಗೂನಾಗಿ, ಕುತ್ತಿಗೆ ಬಗ್ಗಿಸಿ, ಮೂರು ನಾಲ್ಕು ತಾಸು ಬಲಗೈ ಒಂದೇ ರೀತಿ ಆಡಬೇಕು. ಬೆರಳ ಸಂದಿಗೆ ಚೊಗರು. ಹೊಟ್ಟೆ ತೊಡೆಗೆ ಒತ್ತುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಗಿರಕಿ ಹೊಡೆಯುತ್ತದೆ. ಎದ್ದು ನೆಟ್ಟಗೆ ನಿಲ್ಲಲು ಎರಡು ನಿಮಿಷ ಬೇಕು. ನಿಮಗೂ ಬೇಕಾಗಿತ್ತು, ನೆನಪಿದ್ದೀತು. ದುಡಿಮೆ ಮೈಯನ್ನು ಒಂದೇ ಕಡೆ ಎಳೆಯುತ್ತದೆ, ಆಸನ ಎಳೆದದ್ದನ್ನು ಸಡಿಲಿಸುತ್ತದೆ. ಮೊದಲನೆಯದನ್ನು ಹೊಟ್ಟೆಪಾಡಿಗೆ ಮಾಡಿದಿರಿ. ಎರಡನೆಯದನ್ನು ಮಾಡಲು ನಿಮಗೆ ಯಾರೂ ಅರ್ಧ ಗಂಟೆ ಬಿಟ್ಟುಕೊಡಲಿಲ್ಲ. ನಿಮ್ಮ ಪತ್ರದ ಸಿಟ್ಟಿನಲ್ಲಿ ನನಗೆ ಕಂಡದ್ದು ಅದೇ, ತಪ್ಪು ತಿಳಿಯಬೇಡಿ.

ಪತ್ರ ಬಂದ ವಾರ ಶಿವಮೊಗ್ಗದ ಒಂದು ತರಗತಿಗೆ ಹೋಗಿ ಕೂತೆ. ಅಂಗಡಿಯೊಂದರ ಮೇಲಿನ ಕೋಣೆ, ಬಾಗಿಲಲ್ಲಿ ಏಳು ಜೊತೆ ಒದ್ದೆ ಚಪ್ಪಲಿ, ಬಕೆಟ್ಟಿನಲ್ಲಿ ನೀರು ತೊಟ್ಟಿಕ್ಕುವ ಕೊಡೆಗಳು. ಹೇಳಿಕೊಡುವಾಕೆ ಮೊದಲು ನರ್ಸ್ ಆಗಿದ್ದವರು. ಚಾಪೆ ಬಿಚ್ಚುವ ಮೊದಲೇ ಒಬ್ಬೊಬ್ಬರನ್ನೂ ಕೇಳಿದರು: "ಇವತ್ತು ಮಗು ಆಡ್ತಾ? ಕಾಲು ಊದಿದೆಯಾ? ತಲೆನೋವಿದೆಯಾ?" ಆಯನೂರಿನಿಂದ ಬಸ್ಸಿನಲ್ಲಿ ಬಂದ ಹುಡುಗಿಯೊಬ್ಬಳು ನಿನ್ನೆಯಿಂದ ತಲೆ ಸಿಡಿಯುತ್ತಿದೆ ಅಂದಳು. ಅವಳಿಗೆ ಆಸನ ಇಲ್ಲ. ಬಿಪಿ ನೋಡಿಸಿಕೊಂಡು ಬಾ ಎಂದು ಗಂಡನ ಜೊತೆ ನೇರ ಆಸ್ಪತ್ರೆಗೆ ಕಳಿಸಿದರು. ಆ ತರಗತಿಯ ಮೇಲೆ ನನಗೆ ನಂಬಿಕೆ ಬಂದದ್ದು ಆ ಗಳಿಗೆಯಲ್ಲಿ.

ಉಳಿದವರು ಮಾಡಿದ್ದು ನೋಡಿದರೆ ನಿಮಗೆ ನಗು ಬಂದೀತು. ಸರ್ಕಸ್ಸು ಒಂದೂ ಇರಲಿಲ್ಲ. ಗೋಡೆಗೆ ಕೈ ಊರಿ ತಾಡಾಸನ. ಬೂರುಗದ ಹತ್ತಿಯ ಗಟ್ಟಿ ದಿಂಬಿನ ಮೇಲೆ ಕೂತು, ಪಾದಕ್ಕೆ ಪಾದ ಕೂಡಿಸಿ ಬದ್ಧಕೋಣಾಸನ, ಮಂಡಿ ನೆಲಕ್ಕೆ ತಾಗಿಸುವ ಹಟ ಇಲ್ಲ. ಆಮೇಲೆ ಮಾರ್ಜಾರಾಸನ. ಅಂಗೈ, ಮಂಡಿ ನೆಲಕ್ಕೂರಿ, ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಕಮಾನಿನಂತೆ ಎತ್ತುವುದು, ಉಸಿರು ತೆಗೆದುಕೊಳ್ಳುತ್ತಾ ಸಮಕ್ಕೆ ತರುವುದು. ಹೊಟ್ಟೆಯ ಭಾರ ಬೆನ್ನೆಲುಬಿನಿಂದ ಇಳಿದು ಕೆಳಗೆ ತೂಗುತ್ತದೆ. ಎಂಟು ತಿಂಗಳ ಒಬ್ಬಾಕೆ ಆ ಭಂಗಿಯಲ್ಲೇ ನಿಂತು "ಅಬ್ಬಾ, ಹೀಗೇ ಇದ್ದುಬಿಡ್ತೀನಿ ಮೇಡಂ" ಅಂದಳು. ನೀವು ಸೆಗಣಿಯಿಂದ ನೆಲ ಸಾರಿಸುವಾಗ ಹೆಚ್ಚು ಕಡಿಮೆ ಇದೇ ಭಂಗಿಯಲ್ಲಿ ಇದ್ದಿರಿ. ಉಸಿರು ಎಣಿಸಲು ಪುರುಸೊತ್ತಿರಲಿಲ್ಲ, ಅಷ್ಟೇ.

ಬಾಗಿಲು ಹಾಕಿಕೊಂಡು ಮಾಡುತ್ತಾಳೆ ಅಂದಿರಿ. ಅದೊಂದು ನನಗೂ ಸರಿ ಕಾಣಲಿಲ್ಲ. ಬಸುರಿನಲ್ಲಿ ರಿಲಾಕ್ಸಿನ್ ಎಂಬ ಹಾರ್ಮೋನು ಕೀಲುಗಳ ಕಟ್ಟನ್ನು ಸಡಿಲ ಮಾಡುತ್ತದೆ. 'ಮೊದಲಿಗಿಂತ ಚೆನ್ನಾಗಿ ಬಗ್ಗುತ್ತಿದ್ದೇನೆ' ಅನಿಸುತ್ತದೆ, ಹುರುಪಿನಲ್ಲಿ ಜಾಸ್ತಿ ಎಳೆದರೆ ಸೊಂಟದ ಕೀಲು ಹಿಡಿದುಕೊಳ್ಳುತ್ತದೆ. ಹೊಟ್ಟೆ ಮುಂದೆ ಬಂದಂತೆ ತೂಕ ತಪ್ಪುತ್ತದೆ, ಒಂಟಿಕಾಲಿನ ಆಸನಗಳಿಗೆ ಗೋಡೆಯೋ ಕುರ್ಚಿಯೋ ಬೇಕು. ಉಸಿರನ್ನು ರಭಸದಿಂದ ಆಡಿಸುವ ಕಪಾಲಭಾತಿ, ಭಸ್ತ್ರಿಕಾ, ಹೊಟ್ಟೆಯನ್ನು ಒಳಕ್ಕೆಳೆಯುವ ಉಡ್ಡಿಯಾನ, ಉಸಿರು ಕಟ್ಟುವ ಕುಂಭಕ, ತಲೆ ಕೆಳಗಾಗುವುದು, ಹೊಟ್ಟೆಯ ಮೇಲೆ ಮಲಗುವುದು, ಹೊಟ್ಟೆ ಹಿಂಡುವಂತೆ ತಿರುಚುವುದು ಈಗ ಬೇಡ. ಮೂಗಿನ ಹೊಳ್ಳೆ ಬದಲಿಸುತ್ತಾ ಉಸಿರಾಡುವ, ಕುಂಭಕವಿಲ್ಲದ ನಾಡಿಶುದ್ಧಿ, ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ ಧಾರಾಳವಾಗಿ ಮಾಡಲಿ. ಮಾಡುತ್ತಾ ಮಾಡುತ್ತಾ ಮಾತಾಡಲು ಆಗಬೇಕು. ಏದುಸಿರು ಬಂದರೆ ಅತಿಯಾಯಿತು ಅಂತಲೇ ಲೆಕ್ಕ. ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿದರೆ, ಕಣ್ಣು ಮಂಜಾದರೆ, ಎದೆ ನೋವು ಬಂದರೆ, ಒಂದೇ ಮೀನಖಂಡ ಊದಿ ನೋವಾದರೆ, ಮಗುವಿನ ಆಟ ಕಡಿಮೆ ಅನಿಸಿದರೆ ನಿಲ್ಲಿಸಿ ಆಸ್ಪತ್ರೆಗೆ. ಕಷಾಯ ಕುಡಿದು ನೋಡೋಣ ಅನ್ನಬೇಡಿ.

ನಡಿಗೆ ಸಾಕಲ್ಲ ಅಂತೀರೇನೋ. ಬಯಲುಸೀಮೆಯಾದರೆ ನಾನೂ ಹಾಗೇ ಅನ್ನುತ್ತಿದ್ದೆ. 'ದಿನಾ ವಾಕಿಂಗ್ ಮಾಡಿ' ಎಂದು ಬರೆದುಕೊಡುವ ಡಾಕ್ಟರು ಜುಲೈ ತಿಂಗಳಲ್ಲಿ ಹೊಸನಗರದ ಅಂಗಳ ನೋಡಬೇಕು. ಸೋಗೆ ಹಾಸಿದರೂ ಹಾವಸೆ ಬಿಡುವುದಿಲ್ಲ. ತೋಟದ ದಾರಿಯಲ್ಲಿ ಉಂಬಳ, ರಸ್ತೆಗೆ ಹೋದರೆ ಕೊಡೆ ಹಾರಿಸುವ ಗಾಳಿ. ಜಾರಿ ಬೀಳುವ ಭಯ ನಿಮಗಿದ್ದರೆ ಅದು ಇರಬೇಕಾದ್ದು ಬಚ್ಚಲುಮನೆಯ ಕಲ್ಲಿನ ಬಗ್ಗೆ, ಕೊಟ್ಟಿಗೆಯ ಇಳಿಜಾರಿನ ಬಗ್ಗೆ. ನಮ್ಮ ಮಳೆಗಾಲಕ್ಕೆ ಒಣ ಕೋಣೆಯ ಅರ್ಧ ಗಂಟೆಯೇ ಕ್ಷೇಮ. ಹಿಂದೆ ಮುಂದೆ ಜಗುಲಿಯಲ್ಲಿ ನಾಲ್ಕು ಸುತ್ತು ಹಾಕಲಿ.

ಇನ್ನು ಅಂಚಿನ ಎರಡು ಸಾಲು. ಬೆಂಗಳೂರಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಒಟ್ಟು 335 ಬಸುರಿಯರು. 169 ಮಂದಿ 18-20ನೇ ವಾರದಿಂದ ಹೆರಿಗೆಯವರೆಗೆ ದಿನಕ್ಕೊಂದು ಗಂಟೆ ಯೋಗ ಮಾಡಿದರು, 166 ಮಂದಿ ದಿನಕ್ಕೆರಡು ಸಲ ಅರ್ಧರ್ಧ ಗಂಟೆ ನಡೆದರು. ಯೋಗದವರಲ್ಲಿ ಎರಡೂವರೆ ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಗುವ ಮಕ್ಕಳು ಜಾಸ್ತಿ ಹುಟ್ಟಿದವು, ದಿನ ತುಂಬುವ ಮೊದಲೇ ನೋವು ಬಂದದ್ದು ಕಡಿಮೆ. ಒಳ್ಳೆಯ ಸುದ್ದಿಯೇ. ಆದರೆ ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅದಲ್ಲ, ಹಾಗಾಗಿ ನಾನು ಅದನ್ನು ಡಂಗುರ ಹೊಡೆಯುವುದಿಲ್ಲ. ನಡುನೋವು ತಗ್ಗುತ್ತದೆ, ನಿದ್ದೆ ಹತ್ತುತ್ತದೆ, ಹೆರಿಗೆಯ ಹೆದರಿಕೆ ಒಂದಿಷ್ಟು ಇಳಿಯುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಸಿಸೇರಿಯನ್ ತಪ್ಪಿಯೇ ತಪ್ಪುತ್ತದೆ ಎನ್ನುವವರನ್ನು ನಂಬಬೇಡಿ. ಮಗು ಅಡ್ಡ ನಿಂತರೆ, ಮಾಸು ದಾರಿಗೆ ಅಡ್ಡ ಬಂದರೆ, ಮಗುವಿನ ಎದೆಬಡಿತ ಕುಸಿದರೆ ಯಾವ ಆಸನವೂ ಕೆಲಸಕ್ಕೆ ಬಾರದು, ಕತ್ತರಿಯೇ ಬೇಕು. ನಾಳೆ ಹಾಗಾದರೆ 'ಅಷ್ಟೆಲ್ಲ ಯೋಗ ಮಾಡಿದಳಲ್ಲ, ಏನು ಬಂತು' ಎಂಬ ಮಾತು ಬಾಣಂತಿಯ ಕಿವಿಗೆ ಬೀಳದಿರಲಿ.

ಬುದ್ಧಿವಂತ ಮಗು? ಆರನೇ ತಿಂಗಳ ಹೊತ್ತಿಗೆ ಮಗುವಿಗೆ ಹೊರಗಿನ ಸದ್ದು ಕೇಳತೊಡಗುತ್ತದೆ, ತಾಯಿಯ ದನಿ ಗುರುತು ಹತ್ತುತ್ತದೆ. ಅದರಾಚೆಗೆ ನಾವು ಎಳೆಯುವುದೆಲ್ಲ ಅಭಿಮನ್ಯುವಿನ ಕಥೆ. ಚಕ್ರವ್ಯೂಹದ ಅರ್ಧಕ್ಕೆ ಸುಭದ್ರೆ ನಿದ್ದೆ ಹೋದಳು ಅಂತ ಈಗಲೂ ದೂರುತ್ತೇವೆ. ಬಸುರಿ ಹೆಂಗಸಿಗೆ ರಾತ್ರಿಹೊತ್ತು ಯುದ್ಧದ ಪಾಠ ಹೇಳಿದರೆ ನಿದ್ದೆ ಬರದೆ ಇನ್ನೇನು ಬರುತ್ತದೆ? ನಿಮ್ಮ ಸೊಸೆಗೆ ನಿದ್ದೆ ಬಂದಾಗ ಮಲಗಲಿ.

ಲೆಕ್ಕ ಹಾಕಿದೆ. ಈಗ ಐದು ಅಂದರೆ ಕೊನೆಕೊಯ್ಲಿನ ಹೊತ್ತಿಗೆ ಅವಳಿಗೆ ಒಂಬತ್ತು. ಅಷ್ಟರಲ್ಲಿ ಸುಲಿಯುವ ಮಿಷನ್ನಿನವರಿಗೆ ಹೇಳಿಡಿ, ಅಥವಾ ನಿಮ್ಮ ಮಗನನ್ನು ಮೆಟ್ಟುಗತ್ತಿಯ ಮುಂದೆ ಕೂರಿಸಿ. ಇಂದಿನಿಂದ ಕೋಣೆಯ ಬಾಗಿಲು ತೆರೆದಿರಲಿ, ಅವಳು ಏಳುವಾಗ ಕೂರುವಾಗ ಹಿಡಿಯಲು ಒಂದು ಕೈ ಹತ್ತಿರ ಇರಲಿ. ನಿಮ್ಮದೇ ಆದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲಿನ ಆ ಪುಟದ ಕೊನೆಯ ಚಿತ್ರವನ್ನು ಮಾತ್ರ ಹರಿದುಹಾಕಿ. ಅವಳಿಗೆ ಹೇಳಿಯೇ ಹರಿಯಿರಿ, ಇಲ್ಲದಿದ್ದರೆ ಅದೊಂದು ಜಗಳವಾದೀತು.

— ಸಂಪಾದಕಿ