ದೊಡ್ಡಮ್ಮನ ಮಗ್ಗುಲು ಬದಲಿಸಿದ್ದು ಯಾರು, ಯಾವಾಗ?

ನೀವು ಬರೆದದ್ದು ಇಷ್ಟು. ಸ್ಯಾನ್ ಹೋಸೆಗೆ ಬಂದು ನಾಲ್ಕು ತಿಂಗಳಾಗಿದೆ. ಮೂವತ್ತು ವರ್ಷದಿಂದ ಇಲ್ಲೇ ಇರುವ ನಿಮ್ಮ ದೊಡ್ಡಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಮಾಡಿ ನರ್ಸಿಂಗ್ ಹೋಮ್‌ಗೆ ಕಳಿಸಿದರು. ಅಲ್ಲಿ ಮೂರು ವಾರವಾಯಿತು. ಅವರ ಮಗ ಟೆಕ್ಸಾಸ್‌ನಲ್ಲಿ, ಹೋಗಿ ನೋಡುವವರು ನೀವೊಬ್ಬರೇ. ಮೊನ್ನೆ ಬಟ್ಟೆ ಬದಲಿಸುವಾಗ ಸೊಂಟದ ಕೆಳಗೆ ಹುಣ್ಣು ಕಂಡಿತು. ಆಫೀಸಿನಲ್ಲಿ ಯಾರೋ 'ಕೇಸ್ ಹಾಕಿ, ಮಿಲಿಯನ್ ಬರುತ್ತೆ' ಅಂದರು. "ಅಕ್ಕ, ಇದು ನಿಜವಾ? ಇಲ್ಲಿ ವಯಸ್ಸಾದವರ ಗತಿ ಇಷ್ಟೇನಾ?"

ಎರಡನೇ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಈ ಊರಿನ ಇಪ್ಪತ್ತಾರು ವರ್ಷ ಸಾಲಲಿಲ್ಲ. ಮೊದಲನೆಯದಕ್ಕೆ ಹೇಳುತ್ತೇನೆ.

ಮೊದಲು ಪದದ ವಿಷಯ. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಡಾಕ್ಟರು ಕೆಳಗಿನ ಮಹಡಿಯಲ್ಲೇ ಕೂತಿರುವ ಸಣ್ಣ ಆಸ್ಪತ್ರೆ. ಇಲ್ಲಿ ಹಾಗಲ್ಲ. ಡಾಕ್ಟರು ಯಾವಾಗಲೋ ಒಮ್ಮೆ ಬಂದು ಹೋಗುತ್ತಾರೆ. ದಿನದ ಕೆಲಸವೆಲ್ಲ ಆಯಾಗಳಂಥ ನರ್ಸಿಂಗ್ ಅಸಿಸ್ಟೆಂಟ್‌ಗಳದ್ದು. ತಿನ್ನಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು. ಕೊನೆಯದು ತಪ್ಪಿದರೆ ಹುಣ್ಣು. ಮೂಳೆ ಮತ್ತು ಹಾಸಿಗೆ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹೋಗುವುದಿಲ್ಲ, ಅಷ್ಟೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವ ರೂಢಿ ಬಂದದ್ದು ಅದಕ್ಕೇ.

ನಮ್ಮ ಮನೆಯಲ್ಲೂ ಇದು ಆಗಿದೆ. 2017ರಲ್ಲಿ ನಮ್ಮ ಮಾವನವರಿಗೆ ಲಕ್ವ ಹೊಡೆಯಿತು. ನರ್ಸಿಂಗ್ ಹೋಮ್‌ಗೆ ಸೇರಿಸಿ, ನಾವು ಪ್ರತಿ ಸಂಜೆ ಹೋಗುತ್ತಿದ್ದೆವು. ಅವರನ್ನು ವೀಲ್‌ಚೇರ್‌ನಲ್ಲಿ ಕೂರಿಸಿ, ಶಾಲು ಹೊದಿಸಿ, ತಲೆ ಬಾಚಿ ತಯಾರು ಮಾಡಿರುತ್ತಿದ್ದರು. ಎಷ್ಟು ಚೆನ್ನಾಗಿ ನೋಡ್ಕೊಳ್ತಾರೆ ಅಂದುಕೊಂಡೆವು. ಬೆನ್ನು ನೋಡಲೇ ಇಲ್ಲ. ಮಾವನ ಮೈ ಸೊಸೆ ನೋಡುವುದು ಹೇಗೆ? ಮಗನಿಗೂ ಸಂಕೋಚ. ಅವರೋ ಬಾಯಿ ಬಿಟ್ಟು ಹೇಳುವವರಲ್ಲ. "ಸ್ವಲ್ಪ ಉರಿ ಕಣಮ್ಮ" ಅಂದಿದ್ದರು ಒಮ್ಮೆ. ಅದನ್ನು ಇಂಗ್ಲಿಷಿನಲ್ಲಿ ನರ್ಸ್‌ಗೆ ಹೇಳಬೇಕಿದ್ದವಳು ನಾನು. ಹೇಳಲಿಲ್ಲ. ಐದನೇ ವಾರ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ನರ್ಸ್ ಮಗ್ಗುಲಿಗೆ ತಿರುಗಿಸಿದಳು. ಸ್ಟೇಜ್ 4 ಎಂದು ಬರೆದಳು. ಒಂದರಿಂದ ನಾಲ್ಕರವರೆಗಿನ ಲೆಕ್ಕದಲ್ಲಿ ಅದು ಕೊನೆಯದು. ಒಳಗಿನ ಮೂಳೆ ಕಾಣುತ್ತಿತ್ತು.

ಸ್ಟೇಜ್ 1 ಅಂದರೆ ಒತ್ತಿದರೂ ಮಾಸದ ಕೆಂಪು ಎಂದು ಇಲ್ಲಿನ ಪುಸ್ತಕಗಳಲ್ಲಿದೆ. ನಮ್ಮ ಕಂದು ಮೈಯಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಮುಟ್ಟಿ ನೋಡಬೇಕು. ಪಕ್ಕದ ಜಾಗಕ್ಕಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಮೆತ್ತಗಾಗಿದೆಯಾ, ಬಣ್ಣ ಕಪ್ಪು ಅಥವಾ ನೇರಳೆಗೆ ತಿರುಗಿದೆಯಾ. ಹಿಮ್ಮಡಿಯನ್ನೂ ಮರೆಯಬೇಡಿ, ಸೊಂಟ ಮುರಿದವರಿಗೆ ಅಲ್ಲೂ ಬರುತ್ತದೆ. ಮತ್ತೆ, ದಯವಿಟ್ಟು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಡಿ. ನಡುವೆ ತೂತಿರುವ ದಿಂಬನ್ನೂ ಕೊಡಬೇಡಿ. ಎರಡೂ ಪ್ರೀತಿಯಿಂದ ಮಾಡುವ ಹಾನಿ.

ಈಗ ಕಾನೂನು. ಇಲ್ಲಿ ನರ್ಸಿಂಗ್ ಹೋಮ್‌ಗಳಿಗೆಂದು 1987ರಲ್ಲಿ ಬಂದ ಕೇಂದ್ರ ಕಾನೂನೊಂದಿದೆ. ಅದರ ಕೆಳಗಿನ ನಿಯಮ ಹೇಳುವುದು ಇದು: ಒಳಗೆ ಬಂದವರಿಗೆ ಇಂಥ ಹುಣ್ಣು ಆಗಬಾರದು, ತಪ್ಪಿಸಲು ಸಾಧ್ಯವೇ ಇರಲಿಲ್ಲ ಅನ್ನುವಷ್ಟು ದೇಹಸ್ಥಿತಿ ಕೆಟ್ಟಿದ್ದರೆ ಮಾತ್ರ ಬೇರೆ ಮಾತು. ಇಡೀ ಜಗಳ ಇರುವುದು ಆ ಕೊನೆಯ ಮಾತಿನಲ್ಲಿ. 'ಸಕ್ಕರೆ ಕಾಯಿಲೆ ಇತ್ತು, ವಯಸ್ಸಾಗಿತ್ತು, ಊಟ ಬಿಟ್ಟಿದ್ದರು, ಏನು ಮಾಡಿದರೂ ಆಗುತ್ತಿತ್ತು' ಎಂದು ಅವರ ವಕೀಲರು ಹೇಳಿಯೇ ಹೇಳುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಹುಣ್ಣಾಯಿತು ಅಂದಮಾತ್ರಕ್ಕೆ ನಿರ್ಲಕ್ಷ್ಯ ಅಂತ ಅಲ್ಲ. ಬಂದ ದಿನ ಅಪಾಯ ಎಷ್ಟಿದೆ ಎಂದು ಅಳೆದರಾ? ಅದಕ್ಕೆ ಅಂಕ ಕೊಡುವ ಬ್ರೇಡನ್ ಸ್ಕೇಲ್ ಅಂತ ಇದೆ, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ. ಅದಕ್ಕೆ ತಕ್ಕ ಪ್ಲಾನ್ ಬರೆದರಾ? ಬರೆದದ್ದನ್ನು ಮಾಡಿದರಾ? ವಾಸಿಯಾಗದಿದ್ದಾಗ ಪ್ಲಾನ್ ಬದಲಿಸಿದರಾ? ಉತ್ತರವೆಲ್ಲ ಅವರದೇ ಕಾಗದದಲ್ಲಿ ಇರುತ್ತದೆ.

ಮಾವನವರ ಚಾರ್ಟಿನಲ್ಲಿ ಎರಡು ಗಂಟೆಗೊಮ್ಮೆ ತಪ್ಪದೆ ಟಿಕ್ ಇತ್ತು. ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಮಗ್ಗುಲು ಬದಲಿಸಿದ್ದಾರೆ. ಆ ಹೊತ್ತಿಗೆ ಮಾವನವರು ನಮ್ಮ ಕಾರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು! ನಮ್ಮ ವಕೀಲೆ ಅದನ್ನು ಓದಿ ನಗಲಿಲ್ಲ, ಹಳದಿ ಚೀಟಿ ಅಂಟಿಸಿದಳು. ನಮ್ಮ ಕಣ್ಣೀರಿಗಿಂತ ಆ ಮೂರು ಟಿಕ್ಕಿಗೇ ಬೆಲೆ ಬಂತು.

ಹಾಗಾಗಿ ನಿಮ್ಮ ಕೆಲಸ ಕಾಗದದ್ದು. ದೊಡ್ಡಮ್ಮನನ್ನು ಕೇಳಿ, ಅವರು ಒಪ್ಪಿದರೆ ಹುಣ್ಣಿನ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಮೊದಲಿನ ಆಸ್ಪತ್ರೆಯಿಂದ ಹೊರಟ ದಿನ ಚರ್ಮದ ಬಗ್ಗೆ ಏನು ಬರೆದಿದ್ದಾರೆ ಎಂದು ಹುಡುಕಿಸಿ. ಹುಣ್ಣು ಅಲ್ಲೇ ಶುರುವಾಗಿದ್ದರೆ ಕಥೆಯೇ ಬೇರೆ. ದೊಡ್ಡಮ್ಮ, ಅಥವಾ ಅವರ ಪರವಾಗಿ ಅಧಿಕಾರ ಇರುವ ಮಗ, ಕೇಳಿದರೆ ರಜೆ ಬಿಟ್ಟು 24 ಗಂಟೆಯಲ್ಲಿ ರೆಕಾರ್ಡ್ ತೋರಿಸಬೇಕು, ಎರಡು ಕೆಲಸದ ದಿನದಲ್ಲಿ ಪ್ರತಿ ಕೊಡಬೇಕು. ನಿಮಗೆ ಕೊಡುವುದಿಲ್ಲ. ತಂಗಿಯ ಮಗ ಅನ್ನುವ ಸಂಬಂಧಕ್ಕೆ ಇಲ್ಲಿನ ಫಾರಂಗಳಲ್ಲಿ ಜಾಗ ಇಲ್ಲ. ಆದರೆ ದೂರು ಕೊಡಲು ಯಾರಾದರೂ ಆಗುತ್ತದೆ. ಪ್ರತಿ ರಾಜ್ಯದಲ್ಲೂ ಓಂಬುಡ್ಸ್‌ಮನ್, ಅಂದರೆ ಇಂಥ ಕಡೆ ಇರುವವರ ದೂರು ಕೇಳಿ ಅವರ ಪರ ನಿಲ್ಲುವವರು, ಇದ್ದಾರೆ, ದುಡ್ಡು ಕೊಡಬೇಕಿಲ್ಲ, ಹೇಳಿದವರ ಹೆಸರು ಗುಟ್ಟಾಗಿಡುತ್ತಾರೆ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಆರೋಗ್ಯ ಇಲಾಖೆಗೂ ದೂರು ಹೋಗಲಿ. ಅವರು ತಪ್ಪು ಹಿಡಿದು ಬರೆದರೆ ಮುಂದೆ ವಕೀಲರಿಗೂ ಅನುಕೂಲ.

ಇನ್ನೊಂದು ಅರ್ಜೆಂಟ್. ಸೇರಿಸಿದ ದಿನ ಸಹಿ ಹಾಕಿಸಿದ ಕಾಗದದ ಕಟ್ಟಿನಲ್ಲಿ ಆರ್ಬಿಟ್ರೇಷನ್ ಅಂತ, ಅಂದರೆ ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ಜಗಳ ತೀರಿಸಿಕೊಳ್ಳುತ್ತೇವೆ ಅಂತ, ಒಂದು ಹಾಳೆ ಇತ್ತಾ ನೋಡಿ. ಅದಕ್ಕೆ ಸಹಿ ಹಾಕಿದರೆ ಜ್ಯೂರಿ ಮುಂದೆ ಹೋಗುವ ಹಕ್ಕು ಬಿಟ್ಟ ಹಾಗೆ. ನಮ್ಮ ಯಜಮಾನರು ಹಾಕಿದ್ದರು. ಕಡ್ಡಾಯ ಅಲ್ಲ ಅಂತ ಅದರಲ್ಲೇ ಬರೆದಿತ್ತು, ಓದಿದವರು ಯಾರು? 2019ರ ಕೇಂದ್ರ ನಿಯಮದ ಪ್ರಕಾರ ಸಹಿ ಹಾಕಿ 30 ದಿನದೊಳಗೆ ಅದನ್ನು ವಾಪಸ್ ತೆಗೆದುಕೊಳ್ಳಬಹುದು. ದೊಡ್ಡಮ್ಮನ ಮಗ, ನಿಮ್ಮ ಅಣ್ಣ, ಸೇರಿಸಿದ ದಿನ ಸಹಿ ಹಾಕಿದ್ದರೆ ಇನ್ನು ಒಂಬತ್ತು ದಿನ ಉಳಿದಿದೆ. ಇವತ್ತೇ ಫೋನ್ ಮಾಡಿ.

ಮಿಲಿಯನ್ ವಿಷಯ. ಬರಿಯ ವೈದ್ಯಕೀಯ ನಿರ್ಲಕ್ಷ್ಯ ಎಂದಾದರೆ ನೋವಿಗೆ ಕೊಡುವ ಹಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಮಿತಿ ಇದೆ. 1975ರಿಂದ ಎರಡೂವರೆ ಲಕ್ಷ ಡಾಲರ್ ಇತ್ತು. 2023ರಲ್ಲಿ ಮೂರೂವರೆ ಲಕ್ಷ, ಸಾವಾಗಿದ್ದರೆ ಐದು ಲಕ್ಷ ಆಯಿತು, ಈಗ ವರ್ಷ ವರ್ಷ ಏರುತ್ತಿದೆ. 65 ತುಂಬಿದವರಿಗೆ ಬೇರೆ ಕಾನೂನೂ ಇದೆ. ಅದರಲ್ಲಿ ಗೆದ್ದರೆ ನಿಮ್ಮ ವಕೀಲರ ಫೀಸನ್ನೂ ನರ್ಸಿಂಗ್ ಹೋಮ್‌ನವರೇ ಕೊಡಬೇಕು. ಆದರೆ ಸುಮ್ನೆ ತಪ್ಪಾಯಿತು ಅಂದರೆ ಸಾಲದು, ಗೊತ್ತಿದ್ದೂ ಕೈಬಿಟ್ಟರು ಎಂದು ಗಟ್ಟಿಯಾಗಿ ತೋರಿಸಬೇಕು. ವಕೀಲರು ಮೊದಲೇ ದುಡ್ಡು ಕೇಳುವುದಿಲ್ಲ, ಬಂದದ್ದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಹುಣ್ಣಿನ ಚಿಕಿತ್ಸೆಗೆ ಮೆಡಿಕೇರ್, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ, ಖರ್ಚು ಮಾಡಿದ್ದರೆ ಅದಕ್ಕೂ ವಾಪಸ್ ಕಟ್ಟಬೇಕು. ನಮಗೆ ಎಷ್ಟು ಬಂತು ಅಂತ ಕೇಳಬೇಡಿ, ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇವೆ. ಮಿಲಿಯನ್ ಅಂತೂ ಅಲ್ಲ. ಗಡುವು ಯಾವ ಕಾನೂನು ಅನ್ನುವುದರ ಮೇಲೆ ಬದಲಾಗುತ್ತದೆ, ನೀವು ಮಾತ್ರ ಹುಣ್ಣು ಕಂಡ ದಿನದಿಂದ ಒಂದೇ ವರ್ಷ ಎಂದು ಲೆಕ್ಕ ಇಟ್ಟುಕೊಳ್ಳಿ.

ಆಯಾಗಳ ಮೇಲೆ ಕೂಗಾಡಬೇಡಿ. ಅವರಲ್ಲೂ ತುಂಬ ಜನ ನಮ್ಮ ಹಾಗೆ ಹೊರಗಿನಿಂದ ಬಂದವರೇ. ಒಬ್ಬ ರೋಗಿಗೆ ದಿನಕ್ಕೆ ಸರಾಸರಿ 3.5 ಗಂಟೆಯ ಆರೈಕೆ ಸಿಗುವಷ್ಟು ಜನ ಇರಬೇಕು ಎಂದು ಈ ರಾಜ್ಯದ ನಿಯಮ. ಜನ ಇಡದೆ ಉಳಿಸಿದ ಸಂಬಳ ಹೋಗುವುದು ಮಾಲೀಕರ ಜೇಬಿಗೆ, ಸೊಂಟ ಬೀಳುವುದು ಆ ಆಯಾಗೆ. ಮೆಡಿಕೇರ್‌ನ ಕೇರ್ ಕಂಪೇರ್ ವೆಬ್‌ಸೈಟಿನಲ್ಲಿ ಆ ಜಾಗದ ಹೆಸರು ಹಾಕಿ, ಎಷ್ಟು ಸಿಬ್ಬಂದಿ, ಯಾವ ತಪ್ಪು ಸಿಕ್ಕಿದೆ, ಎಲ್ಲ ಕಾಣುತ್ತದೆ.

ಇವತ್ತು ರಾತ್ರಿ ಹೋದಾಗ ಗಾಯ ನೋಡುವ ನರ್ಸ್ ಯಾರು, ಗಾಳಿ ಹಾಸಿಗೆ ಯಾವಾಗ ಬರುತ್ತದೆ ಎಂದು ಕೇಳಿ, ಹೆಸರು ಸಮೇತ ಬರೆದುಕೊಳ್ಳಿ. ತೂಕವನ್ನೂ ಕೇಳಿ. ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದಿದ್ದರೆ ಅದು ಸಣ್ಣ ವಿಷಯವಲ್ಲ, ಪ್ರೋಟೀನ್ ಇಲ್ಲದೆ ಹುಣ್ಣು ಕೂಡುವುದಿಲ್ಲ. ಅಲ್ಲಿನ ಸಸ್ಯಾಹಾರ ಅಂದರೆ ಬೇಯಿಸಿದ ಕ್ಯಾರೆಟ್, ಅಲ್ವಾ? ಡಯೆಟಿಷಿಯನ್ ಒಪ್ಪಿದರೆ ಶನಿವಾರ ನಾನೂ ಬರುತ್ತೇನೆ, ಗಟ್ಟಿ ಬೇಳೆ ತೊವ್ವೆ, ಮೊಸರು ತರುತ್ತೇನೆ. ದೊಡ್ಡಮ್ಮ ಬೆಳ್ಳುಳ್ಳಿ ತಿನ್ನುತ್ತಾರಾ ಕೇಳಿ ತಿಳಿಸಿ.